ಹುಳುಮನೆಯ ಬಾಗಿಲ ಗೆರೆ

ಅಕ್ಕೂರಿನ ನಮ್ಮ ರೇಷ್ಮೆ ಹುಳುಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ನನ್ನ ಇಬ್ಬರು ಹೆಣ್ಣುಮಕ್ಕಳ ಎತ್ತರದ ಗೆರೆಗಳಿರುತ್ತವೆ. ಹುಳು ಪೊರೆ ಕಳಚಲು ಮೇವು ಬಿಟ್ಟು ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಪ್ರತಿ ಬೆಳೆಯಲ್ಲೂ ಹುಳು ನಾಲ್ಕನೇ ಜ್ವರದಿಂದ ಎದ್ದ ದಿನ ಇಬ್ಬರನ್ನೂ ಗೋಡೆಗೆ ಒರಗಿಸಿ ನಿಲ್ಲಿಸಿ ಇದ್ದಿಲಿನಿಂದ ಗೆರೆ ಎಳೆಯುತ್ತೇನೆ. ಬೆಳೆ ಮುಗಿದ ಮೇಲೆ ರೋಗ ಉಳಿಯದಿರಲೆಂದು ಸುಣ್ಣ ಬಳಿಯುತ್ತೇನೆ. ಗೆರೆಗಳೂ ಹೋಗುತ್ತವೆ. ಹಳೆಯ ಗೆರೆಯ ಪಕ್ಕ ಹೊಸದನ್ನು ಇಟ್ಟು ನೋಡಿದ್ದೇ ಇಲ್ಲ. ಯುಗಾದಿಯಲ್ಲಿ ದೊಡ್ಡವಳು ನನ್ನ ಎದೆಯವರೆಗೆ ಬರುತ್ತಿದ್ದಳು ಎಂದರೆ ಹೆಂಡತಿ ಭುಜದವರೆಗೆ ಎನ್ನುತ್ತಾಳೆ. ಪುರಾವೆ ಅಳಿಸಿದವನು ನಾನೇ.

ನಾನು ಕಾಲೇಜಿನಲ್ಲಿ ಪಾಠ ಮಾಡುವವನು. ಪುರಾವೆ ಇಲ್ಲದ್ದನ್ನು ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಾ ಬಂದವನು. ಹುಳುಮನೆ ಅವ್ವನ ಸುಪರ್ದಿಯಲ್ಲಿದೆ. "ಮೈಸೂರ್ನಾಗೆ ದೊಡ್ಡದು ಓದ್ ಬಂದವ್ನೆ, ಹುಳಿನ ಜ್ವರಕ್ಕೂ ಥರ್ಮಾಮೀಟ್ರು ಇಕ್ತಾನೆ" ಎಂದು ನೆಂಟರ ಮುಂದೆ ಆಡಿಕೊಳ್ಳುತ್ತಾಳೆ.

ಕಳೆದ ಬೆಳೆಯಲ್ಲಿ ಒಂದು ಬೆಳಿಗ್ಗೆ ತುಂತುರು ಮಳೆ. ರಾಮನಗರದ ಬಸ್ಸಿಗೆ ಹೊತ್ತಾಗಿತ್ತು. ಹಿಪ್ಪುನೇರಳೆ ಸೊಪ್ಪು ಹೊತ್ತು ತಂದು, ಹುಳುಗಳಿಗೆ ಹರಡಲು ದೊಡ್ಡವಳನ್ನು ಕರೆದೆ. ಹನ್ನೊಂದು ತುಂಬಿ ಕೆಲವು ತಿಂಗಳಾಗಿತ್ತು ಅವಳಿಗೆ. ಹೊಸ್ತಿಲ ಆಚೆಯೇ ನಿಂತಳು.

"ನಾನ್ ಬರಲ್ಲಪ್ಪ ಇವತ್ತು."

"ಯಾಕೆ?"

"ಸುಮ್ನೆ."

"ಅವಳ ಬದ್ಲು ನಾನ್ ಹಾಕ್ತೀನಿ" ಎಂದಳು ಎಂಟು ವರ್ಷದ ಚಿಕ್ಕವಳು, ಅಕ್ಕನ ಮುಂದೆ ಬಂದು.

"ನಿಂಗೆ ಎಟಕಲ್ಲ. ಬಾರಮ್ಮ, ಬಸ್ ತಪ್ಪೋಗುತ್ತೆ."

ಬಾಯಲ್ಲಿ ಹೇಳಿದೆನೋ, ಕೈ ಹಿಡಿದು ಎಳೆದೆನೋ ಈಗ ಖಾತ್ರಿಯಿಲ್ಲ. ನೆನಪಿನಲ್ಲಿ ಅವಳ ಮುಖ ಕಾಣುವುದಿಲ್ಲ, ಜಡೆ ಮಾತ್ರ ಕಾಣುತ್ತದೆ. ಮೇಲಿನ ಸಾಲಿಗೆ ಸೊಪ್ಪು ಹಾಕಲು ಬಕೆಟ್ಟು ಬೋರಲು ಹಾಕಿಕೊಂಡು ಹತ್ತುತ್ತಿದ್ದವಳಿಗೆ ಅಂದು ಬಕೆಟ್ಟು ಬೇಕಾಗಲಿಲ್ಲ. ಅದನ್ನು ಗಮನಿಸಿ ಖುಷಿಪಟ್ಟೆ. ಅಷ್ಟೇ ಗಮನಿಸಿದ್ದು.

ಮರುದಿನ ಸಂಜೆ ಹುಳು ಮೇಯುವ ಸದ್ದು ತೆಳುವಾಯಿತು. ಮೂರನೆಯ ದಿನ ಸಾಲು ಸಾಲಾಗಿ ಮೆತ್ತಗಾಗಿ, ಕಪ್ಪಾಗಿ, ಕಡ್ಡಿಗಳಿಂದ ಜೋತುಬಿದ್ದಿದ್ದವು. ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ಮುಟ್ಟಾಗಿ ಯಾರು ಒಳಿಕ್ಕೆ ಬಂದಿದ್ರಿ?"

ಕೇಳಿದ್ದು ನನ್ನ ಹೆಂಡತಿಯನ್ನು. ಆ ದಿನಗಳಲ್ಲಿ ಹೆಂಗಸರು ಹುಳುಮನೆ ಮೆಟ್ಟುವಂತಿಲ್ಲ. ಹೆಂಡತಿ ಬಾಯಿ ತೆರೆಯುವ ಮೊದಲೇ ಜಗುಲಿಯಲ್ಲಿ ಓದುತ್ತಿದ್ದ ದೊಡ್ಡವಳು ಪುಸ್ತಕ ಮುಚ್ಚಿದಳು.

"ನಾನೇ ಅಜ್ಜಿ. ಬರಲ್ಲ ಅಂದೆ. ಅಪ್ಪ ಬಾ ಅಂತು."

ಅವ್ವ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. ಮೊಮ್ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಮಾರುಕಟ್ಟೆಯಲ್ಲಿ ಗೂಡಿನ ರಾಶಿಯನ್ನು ಕೊಳ್ಳುವವರು ನೋಡುವ ಹಾಗೆ.

"ನಮ್ ಕೂಸು ದೊಡ್ಡೋಳಾಗ್ಬುಟ್ಟವ್ಳೆ" ಎಂದಳು. "ಸೋದರಮಾವಂಗೆ ಹೇಳ್ಕಳ್ಸಿ, ಇವಳ್ನ ಕೂರ್ಸಕ್ಕೆ ಗುಡ್ಲು ಹಾಕ್ಬೇಕು. ಇನ್ ಮ್ಯಾಕೆ ಮೂರ್ಸಂಜೆ ಹೊತ್ತಲ್ಲಿ ಆಚ್ಗೆ ಹೋಗ್ಬೇಡ ಕಣವ್ವ."

ನಾನು ಭಾಷಣಕ್ಕೆ ನಿಂತೆ. ಮುಟ್ಟಿಗೂ ಹುಳಕ್ಕೂ ಸಂಬಂಧವಿಲ್ಲ, ಇದು ರೋಗಾಣುವಿನ ಕೆಲಸ ಎಂದೆಲ್ಲ ಹೇಳಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು.

"ಹಂಗಾರೆ ಅವು ಯಾಕ್ ಸತ್ವು, ನೀನೇ ಹೇಳ್ಲಾ."

ಉತ್ತರ ನನಗೆ ಗೊತ್ತಿತ್ತು. ಮಳೆಯಲ್ಲಿ ನೆಂದ ಸೊಪ್ಪನ್ನು ಟಾರ್ಪಾಲಿನ ಮೇಲೆ ಹರಡಿ, ತೇವ ಆರಿದ ಮೇಲೆ ಹಾಕಬೇಕು, ಇಲ್ಲದಿದ್ದರೆ ಹುಳಕ್ಕೆ ರೋಗ ಹತ್ತುತ್ತದೆ. ಬಸ್ಸಿನ ಅವಸರಕ್ಕೆ ಒದ್ದೆ ಸೊಪ್ಪನ್ನೇ ಹಾಕಿಸಿದ್ದೆ. ಅದನ್ನು ಅಲ್ಲೇ, ಎಲ್ಲರೆದುರು ಒಪ್ಪಿಕೊಂಡೆ ಎಂದು ನನ್ನ ನೆನಪು. ಆಗ ಬಾಗಿಲ ಚೌಕಟ್ಟು ಹಿಡಿದಿದ್ದೆ ಎನ್ನುವುದೂ ನೆನಪಿದೆ.

"ಇಲ್ಲ" ಎನ್ನುತ್ತಾಳೆ ಹೆಂಡತಿ. "ನೀವು ಹೇಳಿದ್ದು ನಾಲ್ಕು ದಿನ ಆದ್ಮೇಲೆ, ಹುಳನೆಲ್ಲ ಗುಂಡಿಗೆ ಹಾಕಿ ಮುಚ್ಚಿದ್ಮೇಲೆ. ಅಲ್ಲೀಗಂಟ ನಾನೇ ಸಾಯಿಸ್ದೆ ಅಂತ ಅವಳು ಸರಿಯಾಗಿ ಉಂಡಿಲ್ಲ."

ಹೆಂಡತಿಯ ಮಾತನ್ನು ತಳ್ಳಿಹಾಕಲು ನೋಡಿದ್ದೇನೆ. ಆದರೆ ಒಂದು ತಟ್ಟೆ ಅಡ್ಡ ಬರುತ್ತದೆ: ಬೆರಳು ತಾಗದ ಮುದ್ದೆ, ಕೆನೆಗಟ್ಟಿದ ಸಾರು. ಅಂದೇ ಹೇಳಿದ್ದರೆ ಆ ತಟ್ಟೆ ನನ್ನ ನೆನಪಿನಲ್ಲಿ ಇರಬಾರದಿತ್ತು.

ನಾನು ಹೇಳಿದಾಗ ದೊಡ್ಡವಳು ತಲೆಯಾಡಿಸಿ, "ಸರಿಯಪ್ಪ" ಎಂದಳು. ಚಿಕ್ಕ ಮಕ್ಕಳ ಮಾತಿಗೆ ದೊಡ್ಡವರು ಸರಿ ಅನ್ನುವ ಹಾಗೆ. ಆಮೇಲೆ ತಿಂಗಳ ಯಾವ ದಿನವೂ ಹೊಸ್ತಿಲು ದಾಟಿಲ್ಲ. ಸೊಪ್ಪನ್ನು ಹೊರಗೇ ನಿಂತು ಕೊಡುತ್ತಾಳೆ. ಬಾ ಎಂದು ಕರೆಯಲು ನನಗೂ ಬಾಯಿ ಬರುವುದಿಲ್ಲ.

ಹೋದ ವಾರ ಈ ಬೆಳೆಯ ಹುಳು ನಾಲ್ಕನೇ ಜ್ವರದಿಂದ ಎದ್ದವು. ಇದ್ದಿಲು ಹಿಡಿದು ಕರೆದೆ. ದೊಡ್ಡವಳು "ನಂಗ್ ಬೇಡ" ಎಂದಳು. ಚಿಕ್ಕವಳು ಬಂದು ಹೊಸ ಸುಣ್ಣದ ಗೋಡೆಗೆ ಒರಗಿ ನಿಂತಳು. ತಲೆಯ ಮೇಲೆ ಅಂಗೈ ಇಟ್ಟೆ. ಗೆರೆ ಕಳೆದ ಸಲಕ್ಕಿಂತ ಕೆಳಗೆ ಬರುತ್ತಿದೆ ಅನ್ನಿಸಿತು. ನನ್ನ ನೆನಪೇ ಕೆಟ್ಟಿರಬೇಕು ಅಂದುಕೊಂಡು ಬಗ್ಗಿ ನೋಡಿದೆ. ಲಂಗದೊಳಗೆ ಅವಳ ಮೊಣಕಾಲು ಮಡಚಿಕೊಂಡಿತ್ತು.

"ನೆಟ್ಟಗೆ ನಿಂತ್ಕೊ."

"ನಿಂತಿದ್ದೀನಿ" ಎಂದಳು. ಅವಳ ಕಣ್ಣು ಹೊಸ್ತಿಲ ಆಚೆ ಸೊಪ್ಪು ಹಿಡಿದು ನಿಂತಿದ್ದ ಅಕ್ಕನ ಮೇಲಿತ್ತು. "ಅಲ್ಲಿಗೇ ಎಳಿಯಪ್ಪ. ಅಜ್ಜಿ ನೋಡಿ ನಾನೂ ದೊಡ್ಡೋಳಾದೆ ಅನ್ನುತ್ತೆ."

ಒಳಗೆ ಹುಳು ಮೇಯುವ ಸದ್ದು ಜೋರಾಗಿತ್ತು. ನಾನು ಅಲ್ಲಿಗೇ ಎಳೆದೆ.