ಗಂಗವ್ವನ ದವಡೆಗೆ ಅಣ್ಣನ ಹೆಬ್ಬೆಟ್ಟು

ಗಂಗವ್ವನ ಕೆಳದವಡೆ ಮುಂದಕ್ಕೆ ಚಾಚಿಕೊಂಡಿತ್ತು. ಮೂಳೆಯನ್ನು ಎರಡೂ ಕಡೆ ಕೊಯ್ದು ಹಿಂದಕ್ಕೆ ಕೂರಿಸಿ, ಆರು ವಾರ ಹಲ್ಲುಗಳನ್ನು ತಂತಿಯಿಂದ ಬಿಗಿಯುತ್ತೇವೆ ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಹೇಳಿದ್ದರು. ಆದರೆ ಆಸ್ಪತ್ರೆಯ ಒಪ್ಪಿಗೆ ಕಾಗದಕ್ಕೆ ಅವಳ ಅಣ್ಣನ ಹೆಬ್ಬೆಟ್ಟೂ ಬೇಕಂತೆ. ಮೂವತ್ತು ವರ್ಷದ ಹೆಂಗಸಿನ ಮೂಳೆಗೆ ಇನ್ನೊಬ್ಬನ ಹೆಬ್ಬೆಟ್ಟು! ಆರೋಗ್ಯ ಕಾರ್ಯಕರ್ತನಾದ ನನಗೆ ಮೈ ಉರಿಯಿತು. ಆ ಕಾಗದ ಹಿಡಿದು ಶಿರಾಳಕೊಪ್ಪದಿಂದ ಅವರ ಮನೆಗೆ ಮೂರನೇ ಸಲ ಹೋದೆ.

ಅಣ್ಣ ಕುರಿಯ ಉಣ್ಣೆ ಕತ್ತರಿಸುತ್ತಿದ್ದ. "ಉಣ್ತಾಳೆ, ದುಡೀತಾಳೆ. ಮತ್ತೇನಾಗೇತ್ರೀ ಅವಳಿಗೆ?" ಅಂದ. ನಾನು ಅಂಗಳದಲ್ಲಿ ಶತಪಥ ಹಾಕುತ್ತಾ ಹೆಂಗಸರ ಹಕ್ಕಿನ ಬಗ್ಗೆ ಭಾಷಣ ಬಿಗಿದೆ. ಅವನ ಕತ್ತರಿ ನಿಲ್ಲಲಿಲ್ಲ.

ಗಂಗವ್ವ ಒಳಗಿನಿಂದ ಬಂದಳು. "ನೀವು ಸ್ವಲ್ಪ ಸುಮ್ನಿರ್ರಿ" ಎಂದು ನನ್ನನ್ನು ಗದರಿಸಿ, ಅಣ್ಣನ ಎದುರಿಗೆ ತಟ್ಟೆ ಇಟ್ಟುಕೊಂಡು ಕೂತಳು. "ಗಂಡಸರು ಎದ್ದ ಮೇಲೆ ಒಳಗ ಉಣ್ಣೋಳು ನಾನು. ಹೆಂಗ ಉಣ್ತೀನಿ ಅಂತ ಇವತ್ತು ನೋಡಣ್ಣ."

ಅವಳ ಹಲ್ಲಿಗೆ ಹಲ್ಲು ಕೂಡುತ್ತಿರಲಿಲ್ಲ. ರೊಟ್ಟಿಯನ್ನು ಚೂರು ಮಾಡಿ, ನೀರಿನಲ್ಲಿ ನೆನೆಸಿ, ಬೆರಳಿನಿಂದ ಗಂಟಲಿಗೆ ನೂಕಿಕೊಂಡಳು. ಅರ್ಧ ರೊಟ್ಟಿ ಮುಗಿಯುವಷ್ಟರಲ್ಲಿ ಎರಡು ಸಲ ಉಸಿರು ಕಟ್ಟಿ ಕೆಮ್ಮಿದಳು.

ಅಣ್ಣ ಕತ್ತರಿ ಕೆಳಗಿಟ್ಟ. "ಎಲ್ಲಿ ಒತ್ತಬೇಕ್ರೀ?" ಅಂದ.

ಹಿಂದಿನ ಎರಡೂ ಸಲ ನಾನು ಆ ಮನೆಯಲ್ಲಿ ಉಂಡಿದ್ದೆ. ಮೊದಲ ಪಂಕ್ತಿಯಲ್ಲಿ ಅಣ್ಣನ ಪಕ್ಕ ಕೂತು, ಹೆಂಗಸರ ಹಕ್ಕಿನ ಮಾತಾಡುತ್ತಾ.