ಹ್ಯಾಶ್ ಹಾಕಿದ ಸಾಲು

ಚೆನ್ನೈನ ಪೆರುಂಗುಡಿಯ ನಮ್ಮ ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದ ಮೈಸೂರಿನವರೊಬ್ಬರು ಸೆಟ್ಟಿಂಗ್ಸ್ ಫೈಲಿನಲ್ಲಿ ಏನನ್ನೇ ಬದಲಿಸಿದರೂ ಕಾರಣವನ್ನು ಅಲ್ಲೇ ಬರೆದಿಡುತ್ತಿದ್ದರು. ಸಾಲಿನ ಮುಂದೆ ಹ್ಯಾಶ್ (#) ಗುರುತು ಹಾಕಿದರೆ ಕಂಪ್ಯೂಟರ್ ಅದನ್ನು ಓದದೆ ಮುಂದೆ ಹೋಗುತ್ತದೆ. “ಇದು ಮಿಷನ್‌ಗಲ್ಲ, ನಾಳೆ ಬರೋರಿಗೆ” ಎನ್ನುತ್ತಿದ್ದರು.

ಹೊಸ ಮೇಲ್ ಸಾಫ್ಟ್‌ವೇರ್ ಬಂದಾಗ ಅದರ ಫೈಲಿನಲ್ಲೂ ಹಾಗೇ ಬರೆದರು. ಅದಕ್ಕೆ ಹ್ಯಾಶ್ ಗೊತ್ತಿರಲಿಲ್ಲ; ಆ ಸಾಲನ್ನೂ ಆದೇಶವೆಂದೇ ಓದಲು ಹೋಗಿ ಕೆಟ್ಟು ನಿಂತಿತು. ಇಡೀ ಕಚೇರಿಯ ಮೇಲ್ ನಿಂತುಹೋಯಿತು.

“ಯಾರು ಪಣ್ಣದು?” ಎಂದು ಮ್ಯಾನೇಜರ್ ತಮಿಳಿನಲ್ಲಿ, ಇದನ್ನು ಮಾಡಿದ್ದು ಯಾರೆಂದು ಕೇಳಿದರು.

“ನಾನ್‌ದಾನ್ ಸಾರ್” ಎಂದು ತಾವೇ ಮಾಡಿದ್ದೆಂದು ಒಪ್ಪಿಕೊಂಡು ಇವರು ಕನ್ನಡಕವನ್ನು ಹಣೆಗೇರಿಸಿದರು. ಆಮೇಲೆ ಆ ಸಾಫ್ಟ್‌ವೇರ್ ಮಾರಿದ ಬೆಂಗಳೂರಿನವನಿಗೆ ಫೋನ್ ಮಾಡಿ, “ಮನುಷ್ಯರು ತಿದ್ದೋ ಫೈಲಲ್ಲಿ ಒಂದು ಮಾತು ಬರೆಯೋಕೆ ಜಾಗ ಬೇಡ್ವೇನ್ರೀ?” ಎಂದು ಕೇಳಿದರು.

ಫೈಲಿನಿಂದ ಆ ಟಿಪ್ಪಣಿ ಅಳಿಸಿ, ಅದನ್ನೇ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದರು. ಚೀಟಿಯಲ್ಲೂ ಸಾಲಿನ ಮುಂದೆ ಹ್ಯಾಶ್ ಇತ್ತು.