ಅಳೆಯಲು ಬಂದವನಲ್ಲ, ಚೆಂಡೆ ಕೇಳಲು ಬಂದವನು

ಶನಿವಾರ ಬೆಳಿಗ್ಗೆ ಎಚ್.ಡಿ. ಕೋಟೆಯಲ್ಲಿ ಮಾನಂದವಾಡಿ ಬಸ್ ಹತ್ತಿದಾಗ ನನ್ನ ಬೆನ್ನ ಮೇಲೆ ಟೆಂಟು, ಬ್ಯಾಗಿನಲ್ಲಿ ಕಂತಿನಲ್ಲಿ ಕೊಂಡ ರೆಕಾರ್ಡರ್. ಮಾನಂದವಾಡಿಯ ಒಂದು ಕಾವಿನಲ್ಲಿ, ಅಂದರೆ ದೇವಿಯ ಬನದಲ್ಲಿ, ಉತ್ಸವ ನಡೆದಿತ್ತು. ಸಂಜೆ ಚೆಂಡೆ ಮೇಳ. ನಾನು ಚೆಂಡೆ ಕಲಿತದ್ದು ಫೋನಿನಲ್ಲಿ ನೋಡಿ, ಅಂಗಡಿಯ ಡಬ್ಬದ ಮೇಲೆ ಬಾರಿಸಿ. ಒಮ್ಮೆಯಾದರೂ ಎದುರು ನಿಂತು ಕೇಳಬೇಕು, ಕೇಳಿದ್ದನ್ನು ರೆಕಾರ್ಡ್ ಮಾಡಿ ತರಬೇಕು ಅನ್ನುವುದೇ ಆಸೆ.

ಎರಡು ಗಂಟೆಯ ಕಾಡುದಾರಿ. ಪೇಟೆಯಲ್ಲಿ ಇಳಿದು ಮರಗೆಣಸು, ಮೀನುಸಾರು ತಿಂದೆ. ಬಿಸಿಲು ಸುಡುತ್ತಿತ್ತು. ಅಲ್ಲಿಂದ ಆಟೋದಲ್ಲಿ ಪುಟ್ಟಸ್ವಾಮಿಯವರ ಮನೆಗೆ ಹೋದೆ. ನಮ್ಮ ಮೊಬೈಲ್ ಅಂಗಡಿಗೆ ಬರುವ ಮೆಣಸಿನ ವ್ಯಾಪಾರಿಯೊಬ್ಬರು ಅವರ ನಂಬರ್ ಕೊಟ್ಟಿದ್ದರು. ಅಜ್ಜನ ಕಾಲದಲ್ಲೇ ಮೈಸೂರು ಕಡೆಯಿಂದ ಬಂದು ನೆಲೆಸಿದ ಮನೆ. ಕಾಫಿ ಒಣಗಿಸುವ ಕಣದ ಪಕ್ಕ ಟೆಂಟ್ ಹಾಕಿಕೋ ಎಂದು ಅವರೇ ಜಾಗ ತೋರಿಸಿದರು.

ಹಗ್ಗ ಎಡವಿ ಯಾರೂ ಬೀಳದಿರಲಿ ಎಂದು ಗೂಟಗಳಿಗೆ ಕೆಂಪು ರಿಬ್ಬನ್ ಕಟ್ಟಿದೆ. ಕೈಕಾಲು ತೊಳೆದು ಬರುವಷ್ಟರಲ್ಲಿ ಒಂದೂ ಇರಲಿಲ್ಲ. ರಿಬ್ಬನ್ ಬಿಡದವರು ರೆಕಾರ್ಡರ್ ಬಿಡುತ್ತಾರೆಯೇ? ಬ್ಯಾಗಿನ ಮೇಲೇ ಕುಳಿತೆ. ಚಹಾ ತಂದ ಪುಟ್ಟಸ್ವಾಮಿಯವರ ಹೆಂಡತಿ ಜಯಮ್ಮನ ಕಣ್ಣೂ ಬ್ಯಾಗಿನ ಮೇಲೇ ಇತ್ತು.

ಸ್ವಲ್ಪ ಹೊತ್ತಿಗೆ ಪಕ್ಕದ ತೋಟದ ವೇಲಾಯುಧನ್ ಬಂದರು. ಮೇಳದಲ್ಲಿ ತಾಳ ಹಾಕುವವರು.

"ಮೋನೇ, ಈ ಕಣ ಎಷ್ಟು ಸೆಂಟ್ ಜಾಗ ಇರಬಹುದು?"

"ನಂಗೇನ್ ಗೊತ್ತು ಚೇಟ?"

"ಹಾಂ, ಹಂಗೇ ಹೇಳ್ಬೇಕು ನೀನು," ಎಂದು ನಕ್ಕರು. ಪುಟ್ಟಸ್ವಾಮಿ ನಗಲಿಲ್ಲ. ಜೇಬಿನಿಂದ ನನ್ನ ರಿಬ್ಬನ್ನುಗಳ ಮುದ್ದೆ ತೆಗೆದರು.

"ಯಾರು ಕಳ್ಸಿದ್ದು ನಿನ್ನ?"

"ಯಾರೂ ಇಲ್ಲ ಅಣ್ಣ. ಮೇಳ ಕೇಳಕ್ಕೆ ಬಂದೆ."

"ಹೋದ ಸಲ ಬಂದೋರೂ ಉತ್ಸವ ನೋಡಕ್ಕೇ ಅಂದಿದ್ರು. ಟೆಂಟ್ ಹಾಕಿದ್ರು, ಚಾಯ ಕುಡಿದ್ರು, ತೋಟ ಅಳೆದು ಕೆಂಪು ಪಟ್ಟಿ ಕಟ್ಟಿ ಹೋದ್ರು. ಈಗ ಕಾಡಿನ ಗಡಿ ನಮ್ಮ ಬಾಗ್ಲಿಗೇ ಬತ್ತದೆ ಅಂತಾರೆ. ಸಂಜೆಗೆ ಕಾಡುದಾರಿ ಮುಚ್ತದೆ. ಈಗ್ಲೇ ಹೊರಟ್ಬುಡು."

ಈಗ ಹೊರಟರೆ ಮೇಳ ಇಲ್ಲ. ಬೇರೇನೂ ತೋಚದೆ ಅಲ್ಲಿದ್ದ ಬಕೆಟ್ ಬೋರಲು ಹಾಕಿ, ಎರಡು ಕಾಫಿಕಡ್ಡಿ ಹಿಡಿದು ಬಾರಿಸತೊಡಗಿದೆ. ವೇಲಾಯುಧನ್ ಬಗ್ಗಿ ನನ್ನ ಕೈ ನೋಡಿದರು.

"ಎಡಗೈಯವನಾ ನೀನು?"

"ಅಲ್ಲ."

"ಮತ್ತೆ ಬಲಗೈ ಕೆಲ್ಸ ಎಡಗೈಲಿ ಮಾಡ್ತಿದ್ದೀಯಲ್ಲೋ! ಫೋನಲ್ಲಿ ಎದುರಿಗೆ ನಿಂತೋನ್ನ ಕನ್ನಡಿ ಥರ ನೋಡಿ ಕಲ್ತಿದ್ದೀಯ ಅಲ್ವಾ?" ಹೊಟ್ಟೆ ಹಿಡಿದುಕೊಂಡು ನಕ್ಕರು. "ಪುಟ್ಟಸ್ವಾಮೀ, ಇಷ್ಟು ಮಂಡನನ್ನ, ಪೆದ್ದನನ್ನ, ಯಾವ ಸರ್ಕಾರಾನೂ ಕಳ್ಸಲ್ಲ!"

"ಅಳೆಯೋರು ಮಂಡರಾಗಿರಬಾರ್ದು ಅಂತ ಎಲ್ಲದೆ?" ಎಂದರು ಪುಟ್ಟಸ್ವಾಮಿ.

ಮಾತು ಮುಗಿಸಿದ್ದು ಜಯಮ್ಮ. "ಮೇಳಕ್ಕೆ ಹೋಗ್ಲಿ. ಬ್ಯಾಗ್ ಇಲ್ಲೇ ನನ್ನ ಹತ್ರ ಇರ್ಲಿ."

ಬ್ಯಾಗ್ ಬಿಟ್ಟರೆ ರೆಕಾರ್ಡಿಂಗ್ ಇಲ್ಲ, ಚೆಂಡೆಯ ಸದ್ದು ಫೋನಿನ ಮೈಕಿಗೆ ಹಿಡಿಯದು. ಬಿಡದಿದ್ದರೆ ಮೇಳವೇ ಇಲ್ಲ. ಕೊಟ್ಟೆ. ಆಕೆ ಅದನ್ನು ಒಳಕೋಣೆಗೆ ಒಯ್ದು ಚಿಲಕ ಹಾಕಿದ ಸದ್ದು ಹೊರಗೂ ಕೇಳಿತು.

ಕಾವಿನಲ್ಲಿ ಪುಟ್ಟಸ್ವಾಮಿ ನನ್ನ ಪಕ್ಕ ಬಿಟ್ಟು ಕದಲಲಿಲ್ಲ. ಮೇಳ ತೀರಾ ನಿಧಾನವಾಗಿ ಶುರುವಾಯಿತು. ಅದರ ಮೊದಲರ್ಧವೆಲ್ಲ ನನ್ನ ತಲೆಯಲ್ಲಿ ಆ ಚಿಲಕವೇ. ಆಮೇಲೆ ವೇಗ ಏರಿತು, ಕೊಂಬುಗಳು ಎದ್ದವು, ಚೆಂಡೆಯ ಪೆಟ್ಟು ಕಿವಿಗಲ್ಲ, ನೇರ ಪಕ್ಕೆಲುಬಿಗೆ ಬೀಳುತ್ತಿತ್ತು. ಫೋನಿನಲ್ಲಿ ನಾನು ಕೇಳಿದ್ದು ಇದರ ನೆರಳೂ ಅಲ್ಲ. ಸುತ್ತಲಿನವರೆಲ್ಲ ಕೈ ಮೇಲೆತ್ತಿ ತಾಳ ಬೀಸುತ್ತಿದ್ದರು. ಪುಟ್ಟಸ್ವಾಮಿಯವರ ಕೈಯೂ ಎದ್ದಿತ್ತು. ನನ್ನತ್ತ ನೋಡಿದವರೇ ಇಳಿಸಿಕೊಂಡರು.

ಭಾನುವಾರ ಬೆಳಿಗ್ಗೆ ಜಗುಲಿಯ ಚಾಪೆಯ ಮೇಲೆ ನನ್ನ ಬ್ಯಾಗಿನ ಸಮಸ್ತವೂ ಹರಡಿತ್ತು: ರೆಕಾರ್ಡರ್, ಬ್ಯಾಟರಿ, ಟಾರ್ಚು, ಕಾಲುಚೀಲ.

"ಎಲ್ಲಾ ನೋಡ್ದೆ," ಎಂದರು ಜಯಮ್ಮ. ಮುಖದಲ್ಲಿ ಸಂಕೋಚವೇ ಇಲ್ಲ. "ಅಳತೆ ಟೇಪ್ ಇಲ್ಲ. ಕಾಲುಚೀಲ ಒಗೀಬಾರ್ದಾ?" ಅಷ್ಟನ್ನೂ ತಾವೇ ತುಂಬಿಸಿ, ಮೇಲೊಂದು ಪೊಟ್ಟಣ ಮೆಣಸು ಇಟ್ಟು ಜಿಪ್ ಎಳೆದರು.

ಪುಟ್ಟಸ್ವಾಮಿ ಬಸ್ ನಿಲ್ದಾಣದವರೆಗೂ ಬಂದರು. ಬೀಳ್ಕೊಡಲೋ, ನಾನು ಹೋಗಿದ್ದು ಖಾತ್ರಿ ಮಾಡಿಕೊಳ್ಳಲೋ ತಿಳಿಯದು. ಬಸ್ ಹೊರಟರೂ ಅಲ್ಲೇ ನಿಂತಿದ್ದರು. ನಾನು ಕಿಟಕಿಯಿಂದ ಕೈ ಬೀಸುತ್ತಿದ್ದೆ. ಬ್ಯಾಗಿನ ಒಂದೊಂದು ಸಾಮಾನನ್ನೂ ತೆಗೆದು, ಎಲ್ಲ ಇದೆಯೇ ಎಂದು ನೋಡುವ ಆತುರ ನನಗೂ ಇತ್ತು. ಆದರೆ ಬಸ್ ತಿರುವು ದಾಟಿ ಅವರು ಮರೆಯಾಗುವವರೆಗೆ ಜಿಪ್ಪಿಗೆ ಕೈ ಹಾಕಲಿಲ್ಲ.